ಹಾವಿನ ಕೆಳಗೆ ಏನು ಹಾಸಬೇಕು?

2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದಿದ್ದ ಲಗೇಜನ್ನು ಕಸ್ಟಮ್ಸ್ ಅಧಿಕಾರಿಗಳು ಬಿಚ್ಚಿಸಿದಾಗ ಒಳಗೆ 72 ಹಾವುಗಳು ಸಿಕ್ಕವು. ಹದಿನೇಳು ಕಾಳಿಂಗ ಸರ್ಪ, ಉಳಿದ ಐವತ್ತೈದು ಬಾಲ್ ಪೈಥಾನ್. ಜೊತೆಗಿದ್ದ ಆರು ಕ್ಯಾಪುಚಿನ್ ಕೋತಿಗಳು ಸತ್ತೇ ಹೋಗಿದ್ದವು. ಸುದ್ದಿ ಓದಿದವರ ಕಣ್ಣು ಸಹಜವಾಗಿ ಕಾಳಿಂಗದ ಮೇಲೆ ನಿಂತಿರುತ್ತದೆ. ಆದರೆ ಸಾಕುಹಾವುಗಳ ಜಾಗತಿಕ ಮಾರುಕಟ್ಟೆಯಲ್ಲಿ ಬೆಲೆಯೂ ಬೇಡಿಕೆಯೂ ಇರುವುದು ಆ ಐವತ್ತೈದಕ್ಕೆ. ಪಶ್ಚಿಮ ಆಫ್ರಿಕದ ಈ ಪುಟ್ಟ ಹೆಬ್ಬಾವು ಅಮೆರಿಕ, ಬ್ರಿಟನ್, ಜರ್ಮನಿಗಳಲ್ಲಿ ಲಕ್ಷಗಟ್ಟಲೆ ಮನೆಗಳಲ್ಲಿದೆ. ಅಷ್ಟು ಮನೆಗಳಲ್ಲೂ ಒಂದಲ್ಲ ಒಂದು ದಿನ ಏಳುವ ಪ್ರಶ್ನೆ, ಪೆಟ್ಟಿಗೆಯೊಳಗೆ ಹಾವಿನ ಕೆಳಗೆ ಏನು ಹಾಸಬೇಕು ಎನ್ನುವುದು.

ನಮ್ಮ ದೇಶದ ಮಟ್ಟಿಗೆ ಕಾನೂನಿನ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾಗರಹಾವು, ಕೇರೆಹಾವು, ಹೆಬ್ಬಾವು, ಮಣ್ಣುಮುಕ್ಕ, ಯಾವುದೇ ಇರಲಿ, ಇಲ್ಲಿನ ಕಾಡುಹಾವನ್ನು ಹಿಡಿದು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬಾಲ್ ಪೈಥಾನ್‌ನಂಥ ವಿದೇಶಿ ಹಾವುಗಳ ಬಗ್ಗೆ ಬಹಳ ಕಾಲ ಕಾಯ್ದೆ ಸುಮ್ಮನಿತ್ತು. 2022ರ ತಿದ್ದುಪಡಿ ಅವುಗಳನ್ನೂ ಲೆಕ್ಕಕ್ಕೆ ತಂದಿತು, 2024ರ ನಿಯಮಗಳ ನಂತರ ಅಂಥ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಆದ್ದರಿಂದ ಇಲ್ಲಿ ಬರುವ ಮಾತು ಮುಖ್ಯವಾಗಿ ಹೊರದೇಶಗಳ ಸಾಕಣೆಯದು. ಕರ್ನಾಟಕಕ್ಕೂ ಇದಕ್ಕೂ ನಂಟಿಲ್ಲ ಎಂದಲ್ಲ. ಆ ನಂಟು ನಮ್ಮ ತೆಂಗಿನ ತೋಟಗಳಲ್ಲಿದೆ, ಅಲ್ಲಿಗೆ ಮುಂದೆ ಹೋಗೋಣ.

ಬಾಲ್ ಪೈಥಾನ್ ತನ್ನ ಊರಿನಲ್ಲಿ ಎಲ್ಲಿ ಮಲಗುತ್ತದೆ? ಘಾನಾ, ಟೋಗೊ, ಬೆನಿನ್ ದೇಶಗಳ ಹುಲ್ಲುಗಾವಲು, ಹೊಲಗಳಲ್ಲಿ ಅದು ಹಗಲನ್ನು ಇಲಿಯ ಬಿಲಗಳಲ್ಲೋ ಗೆದ್ದಲ ಹುತ್ತಗಳಲ್ಲೋ ಕಳೆಯುತ್ತದೆ. ಹುತ್ತದ ವಿಷಯವನ್ನು ಕನ್ನಡದ ಓದುಗರಿಗೆ ವಿವರಿಸಬೇಕಿಲ್ಲ. ಹೊರಗೆ ಬಿಸಿಲು ಬೆಂಕಿಯಂತಿದ್ದರೂ ಹುತ್ತದ ಒಡಲು ತಂಪಾಗಿ, ಹಸಿಯಾಗಿ ಇರುತ್ತದೆ. ಗೆದ್ದಲು ಬದುಕುವುದೇ ಆ ತೇವದ ಮೇಲೆ. ಬಾಲ್ ಪೈಥಾನ್ ಒಣನಾಡಿನ ಹಾವು ಎಂದು ಯಾರಾದರೂ ಹೇಳಿದರೆ ಭೂಪಟದ ಮಟ್ಟಿಗೆ ಅದು ಸರಿ. ಹಾವಿನ ಮಟ್ಟಿಗೆ ತಪ್ಪು, ಏಕೆಂದರೆ ಅದು ಒಣನಾಡಿನ ಒದ್ದೆ ಬಿಲದ ಜೀವಿ. ಭೂಪಟ ನೋಡಿ ಮರಳು ಹಾಸಿದವರ ಮನೆಯಲ್ಲಿ ಈ ಹಾವಿನ ಪೊರೆ ಒಂದೇ ಕೊಳವೆಯಾಗಿ ಕಳಚುವುದಿಲ್ಲ, ಚೂರುಚೂರಾಗಿ ಮೈಗೆ ಅಂಟಿಕೊಳ್ಳುತ್ತದೆ. ಕಣ್ಣಿನ ಮೇಲಿನ ಹಳೆಯ ಪಾರದರ್ಶಕ ಹೊದಿಕೆ ಹೊಸದರ ಮೇಲೆ ಹಾಗೇ ಉಳಿದುಬಿಡುತ್ತದೆ.

ಹಾಸಿನ ಇಡೀ ಚರ್ಚೆಯ ಕೀಲಿ ಇಲ್ಲೇ ಇದೆ. ಅಂಗಡಿಯವರು ಹಾಸನ್ನು ನೆಲದ ಅಲಂಕಾರ ಎಂಬಂತೆ ಮಾರುತ್ತಾರೆ, ಕೊಳ್ಳುವವರು ಗಲೀಜು ಹೀರುವ ವಸ್ತು ಎಂದುಕೊಳ್ಳುತ್ತಾರೆ. ಆದರೆ ಹಾವಿಗೆ ಅದು ನೀರಿನ ವ್ಯವಸ್ಥೆ. ಯಾವ ಹಾಸು ಎಷ್ಟು ನೀರು ಹಿಡಿಯುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ, ಹಿಡಿದ ನೀರನ್ನು ಗಾಳಿಗೆ ಹೇಗೆ ಬಿಡುತ್ತದೆ, ಒದ್ದೆಯಾದಾಗ ಕೊಳೆಯುತ್ತದೆಯೋ ಇಲ್ಲವೋ ಎಂಬ ನಾಲ್ಕು ಸಂಗತಿ ಗೊತ್ತಾದರೆ ಅರ್ಧಕ್ಕಿಂತ ಹೆಚ್ಚು ಜಗಳ ಮುಗಿಯುತ್ತದೆ. ಬಣ್ಣ, ಬೆಲೆ, ಬ್ರಾಂಡು ಆಮೇಲಿನ ಮಾತು.

ಅಮೆರಿಕದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಹಾಸುಗಳಲ್ಲಿ ಆಸ್ಪೆನ್ ಮರದ ತೆಳು ಸಿಪ್ಪೆ ಒಂದು. ಆಸ್ಪೆನ್ ಎಂದರೆ ಉತ್ತರ ಅಮೆರಿಕದ ಚಳಿನಾಡಿನ ಪಾಪ್ಲಾರ್ ಜಾತಿಯ ಮರ. ಇದರಲ್ಲಿ ಕಟುವಾಸನೆಯ ಎಣ್ಣೆ ಇಲ್ಲ, ಸಿಪ್ಪೆ ಹಗುರ, ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ಈ ಹೆಣೆದುಕೊಳ್ಳುವ ಗುಣವೇ ಕಾರ್ನ್ ಸ್ನೇಕ್‌ಗೆ ವರ. ಅಮೆರಿಕದ ಆಗ್ನೇಯ ರಾಜ್ಯಗಳ ಪೈನ್ ಕಾಡು, ಹೊಲ, ದನದ ಕೊಟ್ಟಿಗೆಗಳ ಸುತ್ತ ಇಲಿ ತಿಂದು ಬದುಕುವ, ಕಿತ್ತಳೆ ಕೆಂಪು ಮಚ್ಚೆಯ ನಿರುಪದ್ರವಿ ಹಾವು ಅದು. ಮೂರ್ನಾಲ್ಕು ಅಂಗುಲ ದಪ್ಪಕ್ಕೆ ಆಸ್ಪೆನ್ ಹಾಸಿ ಕಾರ್ನ್ ಸ್ನೇಕ್ ಬಿಟ್ಟರೆ ಕೆಲವೇ ದಿನಗಳಲ್ಲಿ ಅದರಡಿ ಸುರಂಗದ ಜಾಲವೇ ಏಳುತ್ತದೆ. ಗಾಜಿನ ಬದಿಯಿಂದ ನೋಡಿದರೆ ಹಾವು ಹೋದ ದಾರಿ ಕುಸಿಯದೆ ನಿಂತಿರುವುದು ಕಾಣುತ್ತದೆ, ಮರುದಿನ ಅದೇ ದಾರಿಯಲ್ಲಿ ಹಾವು ತಲೆ ಹೊರಹಾಕುತ್ತದೆ. ಕಾರ್ನ್ ಸ್ನೇಕ್‌ಗೆ ಸಾಧಾರಣ ತೇವ ಸಾಕಾದ್ದರಿಂದ ಈ ಜೋಡಿ ಚೆನ್ನಾಗಿ ಒಗ್ಗುತ್ತದೆ.

ಅದೇ ಆಸ್ಪೆನ್ ಬಾಲ್ ಪೈಥಾನ್‌ನ ಪೆಟ್ಟಿಗೆಯಲ್ಲಿ ಸೋಲುತ್ತದೆ. ತೇವ ಬೇಕೆಂದು ನೀರು ಚಿಮುಕಿಸಿದರೆ ಎರಡು ಮೂರು ದಿನಕ್ಕೆ ಬೂಷ್ಟು ಹಿಡಿಯುತ್ತದೆ. ನೀರಿನ ಬಟ್ಟಲ ಸುತ್ತಲ ಸಿಪ್ಪೆಯನ್ನು ಎತ್ತಿ ಮೂಸಿದರೆ ಸಾಕು, ಹಳೆಯ ಗೋಣಿಚೀಲದ ಮುಗ್ಗಲು ವಾಸನೆ ಗೊತ್ತಾಗುತ್ತದೆ. ನೀರು ಚಿಮುಕಿಸದೆ ಬಿಟ್ಟರೆ ಹಾವು ಒಣಗುತ್ತದೆ. ಆಸ್ಪೆನ್ ಕೆಟ್ಟದ್ದು ಎಂದು ಬಯ್ಯುವ ಬಾಲ್ ಪೈಥಾನ್ ಸಾಕಣೆದಾರರೂ, ಅದರಷ್ಟು ಒಳ್ಳೆಯದಿಲ್ಲ ಎನ್ನುವ ಕಾರ್ನ್ ಸ್ನೇಕ್ ಸಾಕಣೆದಾರರೂ ಒಂದೇ ಸತ್ಯವನ್ನು ಎರಡು ತುದಿಯಿಂದ ಹೇಳುತ್ತಿರುತ್ತಾರೆ. ಬ್ರಿಟನ್ನಿನಲ್ಲಿ ಇದೇ ಸ್ಥಾನವನ್ನು ಬೀಚ್ ಮರದ ಚೂರು ಪಡೆದಿದೆ. ನೋಡಲು ಅಂದ, ಬಳಸಲು ಸುಲಭ, ಆದರೆ ಅದರಲ್ಲಿ ಸುರಂಗ ನಿಲ್ಲುವುದಿಲ್ಲ, ತೇವದ ವಿಷಯದಲ್ಲೂ ಅದು ಆಸ್ಪೆನ್‌ಗಿಂತ ಮೇಲಲ್ಲ.

ಮರದ ಹಾಸುಗಳಲ್ಲಿ ಬಹುತೇಕ ಎಲ್ಲರೂ ಒಮ್ಮತದಿಂದ ದೂರವಿಡುವುದು ಸೀಡರ್. ಸೀಡರ್ ಮರದ ಪೆಟ್ಟಿಗೆಯಲ್ಲಿಟ್ಟ ಉಣ್ಣೆಬಟ್ಟೆಗೆ ಹುಳು ಬೀಳುವುದಿಲ್ಲ ಎಂಬುದು ಪಶ್ಚಿಮದ ಮನೆವಾರ್ತೆಯ ಹಳೆಯ ತಿಳಿವಳಿಕೆ. ಹುಳು ಬೀಳದಿರುವುದಕ್ಕೆ ಕಾರಣ ಅದರ ಸುವಾಸನೆ. ನಮಗೆ ಪರಿಮಳವಾದದ್ದು ಮರಕ್ಕೆ ಕೀಟನಾಶಕ. ಇದು ಪ್ರಾಣಿಗಳ ಮೈಯೊಳಗೂ ಕೆಲಸ ಮಾಡುತ್ತದೆ ಎಂಬ ಗುಟ್ಟು ಬಯಲಾದದ್ದು ಹಾವಿನಿಂದಲ್ಲ, ಪ್ರಯೋಗಾಲಯದ ಇಲಿಗಳಿಂದ. 1967ರಲ್ಲಿ ಎಲಿಯಟ್ ವೆಸೆಲ್ ಎಂಬ ಔಷಧ ವಿಜ್ಞಾನಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪುಟ್ಟ ಪ್ರಬಂಧ ಆ ಕಾಲದ ಪ್ರಯೋಗಾಲಯಗಳನ್ನು ಯೋಚನೆಗೆ ಹಚ್ಚಿತು. ಕೆಂಪು ಸೀಡರ್, ಬಿಳಿ ಪೈನ್, ಪಾಂಡೆರೋಸ ಪೈನ್ ಸಿಪ್ಪೆಯ ಮೇಲೆ ಮಲಗಿದ ಇಲಿಗಳ ಯಕೃತ್ತಿನಲ್ಲಿ ಔಷಧಗಳನ್ನು ಕರಗಿಸುವ ಕಿಣ್ವಗಳು ಹೆಚ್ಚಿದ್ದವು. ಬೀಚ್, ಬರ್ಚ್, ಮೇಪಲ್‌ಗಳ ಗಟ್ಟಿಮರದ ಹಾಸಿಗೆ ಬದಲಾಯಿಸಿದಾಗ ಅದು ಮತ್ತೆ ಇಳಿಯಿತು. ಒಂದೇ ಔಷಧವನ್ನು ಪರೀಕ್ಷಿಸಿದ ಎರಡು ಪ್ರಯೋಗಾಲಯಗಳ ಫಲಿತಾಂಶ ಬೇರೆಬೇರೆ ಬರುವುದಕ್ಕೆ ಇಲಿಯ ಹಾಸಿಗೆಯೂ ಕಾರಣವಾಗಿರಬಹುದು ಎಂಬ ತೀರ್ಮಾನ ಅಂದಿಗೆ ಹೊಸದು.

ಇಲಿಯ ಯಕೃತ್ತಿನಿಂದ ಹಾವಿನ ಶ್ವಾಸಕೋಶಕ್ಕೆ ಜಿಗಿಯುವುದು ದೊಡ್ಡ ಜಿಗಿತವೇ. ಆದರೂ ಸರೀಸೃಪ ವೈದ್ಯರು ಇಲ್ಲಿ ಎಚ್ಚರಿಕೆಯ ಕಡೆಗೆ ವಾಲಿದ್ದಾರೆ, ಅದಕ್ಕೆ ಕಾರಣವೂ ಇದೆ. ಇಲಿ ಹಾಸಿನ ಮೇಲೆ ನಾಲ್ಕು ಕಾಲಲ್ಲಿ ನಿಲ್ಲುತ್ತದೆ. ಹಾವು ಉದ್ದಕ್ಕೂ ಹೊಟ್ಟೆಯೂರಿ ಮಲಗುತ್ತದೆ, ಮೂಗು ಹಾಸಿನಿಂದ ಅರ್ಧ ಅಂಗುಲವೂ ಮೇಲಿರುವುದಿಲ್ಲ, ನಾಲಿಗೆಯಿಂದ ಅಡಿಗಡಿಗೆ ಆ ವಾಸನೆಯನ್ನು ಬಾಯೊಳಕ್ಕೆ ಎಳೆದುಕೊಳ್ಳುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಅದಕ್ಕೆ ಓಡಿಹೋಗಲು ಜಾಗವಿಲ್ಲ. ಪೈನ್ ಬಗ್ಗೆ ಮಾತ್ರ ವಾದ ಮುಗಿದಿಲ್ಲ. ಕುಲುಮೆಯಲ್ಲಿ ಒಣಗಿಸಿದರೆ ಪೈನ್‌ನ ಆವಿಯಾಗುವ ಎಣ್ಣೆ ಬಹುಪಾಲು ಹೊರಟುಹೋಗುತ್ತದೆ ಎನ್ನುವವರು ಅದನ್ನು ಬಳಸುತ್ತಲೇ ಇದ್ದಾರೆ. ಚೀಲ ಬಿಚ್ಚಿದಾಗ ಮೂಗಿಗೆ ಘಂ ಎಂದು ಬಡಿಯುವ ಯಾವುದನ್ನೂ ಹಾವಿನ ಕೆಳಗೆ ಹಾಕಬಾರದು ಎಂಬ ಒರಟು ನಿಯಮ ಇಲ್ಲಿ ಸಾಕು.

ಸೈಪ್ರೆಸ್ ತೊಗಟೆಯ ಕಥೆ ಬೇರೆ. ಅಮೆರಿಕದ ದಕ್ಷಿಣದ ಜೌಗು ಕಾಡುಗಳ ಈ ಮರದ ಚೂರು ತೇವ ಹಿಡಿಯುತ್ತದೆ, ಬೇಗ ಬೂಷ್ಟು ಹಿಡಿಯುವುದಿಲ್ಲ. ಹಾವಿಗೆ ಒಳ್ಳೆಯದೇ. ಆದರೆ ಲೂಯಿಸಿಯಾನದ ಕರಾವಳಿಯಲ್ಲಿ ಚಂಡಮಾರುತಕ್ಕೆ ತಡೆಗೋಡೆಯಾಗಿ ನಿಂತಿರುವುದೂ ಇದೇ ಕಾಡು. 2005ರ ಕತ್ರಿನಾ ಚಂಡಮಾರುತದ ನಂತರ, ಹೂದೋಟಕ್ಕೆ ಹಾಸುವ ಚೂರಿಗಾಗಿ ಇಂಥ ಮರ ಕಡಿಯಬಾರದು ಎಂದು ಅಲ್ಲಿನ ಪರಿಸರ ಸಂಘಟನೆಗಳು ಪ್ರಚಾರ ನಡೆಸಿದವು. ಹಾವಿನ ಪಾಲು ಅದರಲ್ಲಿ ತೀರಾ ಚಿಕ್ಕದು, ನಿಜ. ಆದರೂ ಬದಲಿ ವಸ್ತು ಕೈಗೆಟಕುವಂತಿರುವಾಗ ಅದನ್ನೇ ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ.

ಆ ಬದಲಿ ವಸ್ತು ತೆಂಗು.

ತಿಪಟೂರು, ಅರಸೀಕೆರೆಗಳ ಕಡೆ ಓಡಾಡಿದವರು ನಾರಿನ ಕಾರ್ಖಾನೆಗಳ ಪಕ್ಕದಲ್ಲಿ ಕಂದು ಪುಡಿಯ ಗುಡ್ಡಗಳನ್ನು ನೋಡಿರುತ್ತಾರೆ. ತೆಂಗಿನ ಸಿಪ್ಪೆಯಿಂದ ನಾರು ಬಿಡಿಸಿದ ಮೇಲೆ ಉಳಿಯುವ ಪುಡಿ ನಾರಿಗಿಂತ ಹೆಚ್ಚಿರುತ್ತದೆ. ಹಗ್ಗಕ್ಕೆ ಬಾರದ, ಬೇಗ ಕೊಳೆಯದ, ಮಳೆಗೆ ನೆನೆದು ಮಣಭಾರವಾಗುವ ಆ ಪುಡಿ ಬಹುಕಾಲ ಕಾರ್ಖಾನೆಯವರಿಗೆ ತಲೆನೋವಾಗಿತ್ತು. ಅದರ ಅವಗುಣಗಳೇ ಗುಣಗಳು ಎಂದು ತೋಟಗಾರಿಕೆಯವರು ಕಂಡುಕೊಂಡ ಮೇಲೆ ಚಿತ್ರ ಬದಲಾಯಿತು. ಇದು ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಅಂಶ ಹೆಚ್ಚಿರುವುದರಿಂದ ಸುಲಭವಾಗಿ ಕೊಳೆಯುವುದಿಲ್ಲ. ಯೂರೋಪಿನ ಜೌಗು ನೆಲಗಳಿಂದ ಅಗೆದು ತೆಗೆಯುವ ಪೀಟ್ ಮಣ್ಣಿಗೆ ಇದು ಒಳ್ಳೆಯ ಬದಲಿ. ಈಗ ದಕ್ಷಿಣ ಭಾರತ, ಶ್ರೀಲಂಕಾಗಳಿಂದ ಪುಡಿಯನ್ನು ಒತ್ತಿ ಇಟ್ಟಿಗೆ ಮಾಡಿ ಹಡಗು ಹತ್ತಿಸುತ್ತಾರೆ. ಆ ಇಟ್ಟಿಗೆಗಳಲ್ಲಿ ಒಂದಷ್ಟು ಸರೀಸೃಪದ ಅಂಗಡಿಗಳ ಕಪಾಟಿಗೆ ಹೋಗಿ, ಹಲ್ಲಿಯ ಚಿತ್ರವಿರುವ ಹೊದಿಕೆ ಹೊದ್ದು, ತೋಟದ ಅಂಗಡಿಯಲ್ಲಿರುವ ಅದೇ ಸರಕಿನ ಹಲವು ಪಟ್ಟು ಬೆಲೆಗೆ ಮಾರಾಟವಾಗುತ್ತದೆ. ಗೊಬ್ಬರ ಬೆರೆಸದ, ತೊಳೆದ ತೋಟದ ಇಟ್ಟಿಗೆ ಸಿಕ್ಕರೆ ಚಿತ್ರಕ್ಕೆ ದುಡ್ಡು ಕೊಡಬೇಕಿಲ್ಲ.

ಬಳಸುವಾಗ ನೋಡುವುದಕ್ಕೂ ಇದು ಸ್ವಾರಸ್ಯ. ಒಣ ಇಟ್ಟಿಗೆಯನ್ನು ಬಕೆಟ್ಟಿನಲ್ಲಿಟ್ಟು ಬಿಸಿನೀರು ಸುರಿದರೆ ಅಂಚುಗಳು ಬಿರಿದು, ಪದರ ಪದರವಾಗಿ ಅರಳಿ, ಅರ್ಧ ಗಂಟೆಯೊಳಗೆ ಬಕೆಟ್ ತುಂಬುತ್ತದೆ. ಒಂದು ಹಿಡಿ ತೆಗೆದುಕೊಂಡು ಮುಷ್ಟಿ ಬಿಗಿಯಬೇಕು. ಬೆರಳ ಸಂದಿಯಿಂದ ನೀರು ಹರಿದರೆ ಅದು ಹಾವಿಗೆ ವಿಪರೀತ ಒದ್ದೆ, ಹಿಂಡಿ ಹರಡಿ ಆರಲು ಬಿಡಬೇಕು. ಮುಷ್ಟಿ ಬಿಚ್ಚಿದಾಗ ಉಂಡೆ ನಿಂತು, ಬೆರಳು ತಾಗಿಸಿದೊಡನೆ ಉದುರಿದರೆ ಹದ ಸರಿಯಾಯಿತು. ಪೂರ್ತಿ ಒಣಗಿದರೆ ಮತ್ತೊಂದು ತೊಂದರೆ: ನುಣ್ಣನೆಯ ದೂಳು ಎದ್ದು ಹಾವಿನ ಮೂಗಿಗೂ, ಬಾಲ್ ಪೈಥಾನ್‌ನ ಮೇಲ್ದುಟಿಯಲ್ಲಿ ಸಾಲಾಗಿರುವ ಶಾಖ ಗ್ರಹಿಸುವ ಕುಳಿಗಳಿಗೂ ಮೆತ್ತಿಕೊಳ್ಳುತ್ತದೆ. ಇದಕ್ಕೆಂದೇ ಅನುಭವಿಗಳು ಬರೀ ಪುಡಿ ಬಳಸದೆ ತೆಂಗಿನ ಸಿಪ್ಪೆಯನ್ನೇ ಚಿಕ್ಕ ಚೌಕಗಳಾಗಿ ಕತ್ತರಿಸಿದ ಚೂರನ್ನು ಹಾಸುತ್ತಾರೆ, ಇಲ್ಲವೇ ಪುಡಿಯ ಜೊತೆ ಚೂರು ಬೆರೆಸುತ್ತಾರೆ. ಚೂರಿನ ನಡುವೆ ಗಾಳಿಯಾಡುತ್ತದೆ, ದೂಳು ಏಳುವುದಿಲ್ಲ.

ನೀರು ಹಾಕುವುದರಲ್ಲೂ ಒಂದು ಕ್ರಮವಿದೆ, ಅನೇಕರು ತಪ್ಪುವುದು ಅಲ್ಲೇ. ಮೇಲಿನಿಂದ ದಿನಾ ನೀರು ಚಿಮುಕಿಸಿದರೆ ಮೇಲ್ಪದರ ಸದಾ ಒದ್ದೆ, ತಳ ಒಣ. ಹಾವು ಮಲಗುವುದು ಮೇಲ್ಪದರದ ಮೇಲೆ. ಹೀಗೆ ವಾರಗಟ್ಟಲೆ ಒದ್ದೆಯ ಮೇಲೆ ಮಲಗಿದ ಹಾವಿನ ಹೊಟ್ಟೆಯ ಹುರುಪೆಗಳಡಿ ನೀರುಗುಳ್ಳೆ ಏಳುತ್ತದೆ, ಕೆಂಪಾಗುತ್ತದೆ, ಕೊನೆಗೆ ಕೊಳೆಯುತ್ತದೆ. ಪೆಟ್ಟಿಗೆಯ ಮೂಲೆಗಳಲ್ಲಿ ನೀರು ಸುರಿದರೆ ಅದು ತಳಕ್ಕಿಳಿದು ಅಲ್ಲಿಂದ ನಿಧಾನವಾಗಿ ಆವಿಯಾಗುತ್ತದೆ. ಕೆಳಗೆ ಹಸಿ, ಮೇಲೆ ಒಣ, ಗಾಳಿಯಲ್ಲಿ ತೇವ. ಹುತ್ತದ ಲೆಕ್ಕಾಚಾರಕ್ಕೆ ಇದು ಹೆಚ್ಚು ಹತ್ತಿರ. ಅಮೆಜಾನ್ ಕಡೆಯ ರೇನ್‌ಬೋ ಬೋವಾದಂಥ ಮಳೆಕಾಡಿನ ಹಾವಿಗೆ ಇನ್ನೂ ಹೆಚ್ಚು ತೇವ ಬೇಕು. ಅಲ್ಲಿ ಪೆಟ್ಟಿಗೆಯ ಒಂದು ಭಾಗದಲ್ಲಿ ಸ್ಫ್ಯಾಗ್ನಮ್ ಪಾಚಿ ತುಂಬಿದ ಅಡಗುದಾಣ ಇಡುವುದು ರೂಢಿ. ಈ ಪಾಚಿಯನ್ನು ಕೈಗವಸಿಲ್ಲದೆ ಮುಟ್ಟಬಾರದು, ಬೆರಳಲ್ಲಿ ಗಾಯವಿದ್ದರಂತೂ ಬೇಡವೇ ಬೇಡ. 1988ರಲ್ಲಿ ಅಮೆರಿಕದ ಹತ್ತಾರು ರಾಜ್ಯಗಳಲ್ಲಿ ಸ್ಪೋರೋಟ್ರೈಕೋಸಿಸ್ ಎಂಬ ಚರ್ಮದ ಶಿಲೀಂಧ್ರ ರೋಗ 80ಕ್ಕೂ ಹೆಚ್ಚು ಜನರಿಗೆ ತಗುಲಿತು. ಮೂಲ ಹುಡುಕಿಕೊಂಡು ಹೋದರೆ ಸಸಿಗಳ ಬೇರಿಗೆ ಸುತ್ತಿದ್ದ ಇದೇ ಪಾಚಿ ಸಿಕ್ಕಿತು.

ಮರಳಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆಂಪು, ನೀಲಿ ಬಣ್ಣ ಬಳಿದ ಕ್ಯಾಲ್ಸಿಯಂ ಮರಳನ್ನು ಮರುಭೂಮಿಯ ಚಿತ್ರ ಹಾಕಿ ಮಾರುತ್ತಾರೆ. ಅದು ಮನುಷ್ಯರ ಕಣ್ಣಿಗಾಗಿ ಮಾಡಿದ ಸರಕು. ಕೀನ್ಯಾದ ಸ್ಯಾಂಡ್ ಬೋವಾ ಹೆಸರಿನಲ್ಲೇ ಮರಳಿದ್ದರೂ ಸಾಕುವವರು ಹಲವರು ಅದಕ್ಕೆ ಆಸ್ಪೆನ್ ಹಾಸುತ್ತಾರೆ, ಅದು ಅದರೊಳಗೆ ಹೂತುಕೊಂಡು ತಲೆಯಷ್ಟೇ ಹೊರಗಿಟ್ಟು ಹೊಂಚುಹಾಕುತ್ತದೆ. ಉತ್ತರ ಅಮೆರಿಕದ ಬಯಲುಸೀಮೆಯ ಹಾಗ್‌ನೋಸ್, ಮೇಲಕ್ಕೆ ಚೂಪಾಗಿ ತಿರುಗಿದ ಮೂತಿಯಿಂದ ಮಣ್ಣು ಅಗೆಯುವ ಹಾವು. ಅದಕ್ಕೆ ಬೇಕಾದದ್ದು ಆಳ. ಯಾವ ವಸ್ತು ಎಂಬುದು ಅದಕ್ಕೆ ಅಷ್ಟು ಮುಖ್ಯವಲ್ಲ. ಜೋಳದ ದಿಂಡಿನ ಚೂರು, ಅಕ್ರೋಟಿನ ಚಿಪ್ಪಿನ ಪುಡಿ, ಬೆಕ್ಕಿನ ಶೌಚಕ್ಕೆ ಬಳಸುವ ಹರಳು, ಇವು ಮೂರನ್ನೂ ಮಾತಿಲ್ಲದೆ ಬಿಡಬಹುದು.

ಹಾಸಿನ ಚೂರು ನುಂಗಿ ಕರುಳು ಕಟ್ಟಿಕೊಂಡು ಹಾವು ಸಾಯುತ್ತದೆ ಎಂಬ ಭಯ ಸಾಕುವವರಲ್ಲಿ ಬಹಳ. ಪೂರ್ತಿ ಸುಳ್ಳಲ್ಲ, ಹಬ್ಬಿರುವಷ್ಟು ನಿಜವೂ ಅಲ್ಲ. ಇಲಿಯನ್ನು ಕೂದಲು, ಹಲ್ಲಿನ ಸಮೇತ ನುಂಗಿ ಮೂಳೆಯನ್ನೂ ಅರಗಿಸುವ ಪ್ರಾಣಿಗೆ ಒಂದೆರಡು ಚೂರು ಮರದ ಸಿಪ್ಪೆ ದೊಡ್ಡ ಗಂಡಾಂತರವಲ್ಲ. ಹಾವಿಗೆ ನೀರು ಸಾಲದೆ, ಮೈ ಬೆಚ್ಚಗಾಗದೆ ಜೀರ್ಣಶಕ್ತಿ ಕುಂದಿದ್ದಾಗ ಅದೇ ಚೂರು ಮುಳುವಾಗಬಹುದು. ಫ್ರೀಜರ್‌ನಿಂದ ತೆಗೆದು ಕರಗಿಸಿದ ಇಲಿಯನ್ನು ಒರೆಸಿ, ತಟ್ಟೆಯ ಮೇಲೋ ಚಪ್ಪಟೆ ಕಲ್ಲಿನ ಮೇಲೋ ಇಟ್ಟುಕೊಟ್ಟರೆ ಈ ಸಮಸ್ಯೆ ಬಹುತೇಕ ಬಗೆಹರಿಯುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಶಾಖದ ಮ್ಯಾಟು. ಪೆಟ್ಟಿಗೆಯ ತಳಕ್ಕೆ ಅಂಟಿಸುವ ಆ ತೆಳು ಮ್ಯಾಟಿನ ಮೇಲೆ ದಪ್ಪ ಹಾಸು ಹಾಕಿದರೆ ಶಾಖ ಮೇಲೆ ಬಾರದೆ ಗಾಜಿನಲ್ಲೇ ಕೂಡಿಕೊಳ್ಳುತ್ತದೆ. ಮೇಲೆ ಇಟ್ಟ ತಾಪಮಾಪಕ ತಣ್ಣಗೆ ತೋರಿಸುತ್ತದೆ, ಸಾಕುವವರು ಶಾಖ ಏರಿಸುತ್ತಾರೆ, ಅಗೆದುಕೊಂಡು ತಳ ಮುಟ್ಟಿದ ಹಾವಿನ ಹೊಟ್ಟೆ ಸುಡುತ್ತದೆ. ಸುಡುತ್ತಿದ್ದರೂ ಹಾವು ಬೇಗನೆ ಜಾಗ ಬಿಟ್ಟೇಳುವುದಿಲ್ಲ ಎಂಬುದು ಪಶುವೈದ್ಯರು ಮತ್ತೆ ಮತ್ತೆ ನೋಡುವ ಸಂಗತಿ. ಮ್ಯಾಟಿಗೆ ಥರ್ಮೋಸ್ಟಾಟ್ ಇರಲೇಬೇಕು, ಅದರ ತಂತಿಯ ತುದಿ ಹಾಸಿನ ಮೇಲಲ್ಲ, ಮ್ಯಾಟಿಗೆ ತಾಗುವಂತಿರಬೇಕು. ಆಳವಾದ ಹಾಸು ಬೇಕೆನ್ನುವವರು ಶಾಖವನ್ನು ಮೇಲಿನ ದೀಪದಿಂದ ಕೊಡುವುದು ಇನ್ನೂ ಲೇಸು.

ಹಾಸುಗಳಲ್ಲಿ ಅತ್ಯಂತ ಅಗ್ಗದ್ದು, ಅತ್ಯಂತ ಹೆಚ್ಚು ಬಯ್ಯಿಸಿಕೊಂಡದ್ದು ಕಾಗದ. ಹಳೆಯ ಪತ್ರಿಕೆ, ಕಿಚನ್ ಟವೆಲ್, ಕಂದು ಕಾಗದ. ಹಾವಿಗೆ ಅಗೆಯಲು ಬರುವುದಿಲ್ಲ, ತೇವ ನಿಲ್ಲುವುದಿಲ್ಲ, ನೋಡಲು ಬೋಳುಬೋಳು. ಹಾಗಿದ್ದೂ ಹೊಸದಾಗಿ ಬಂದ ಹಾವನ್ನು, ಕಾಯಿಲೆಯ ಹಾವನ್ನು ಮೊದಲ ಕೆಲವು ವಾರ ಕಾಗದದ ಮೇಲೇ ಇಡಿ ಎಂದು ವೈದ್ಯರು ಹೇಳುತ್ತಾರೆ. ಕಾರಣ ನುಸಿ. ಒಫಿಯೋನಿಸಸ್ ನ್ಯಾಟ್ರಿಸಿಸ್ ಎಂಬ ಹಾವಿನ ನುಸಿ ಸಾಸಿವೆಗಿಂತ ಚಿಕ್ಕದು. ರಕ್ತ ಹೀರಿದ ಮೇಲೆ ಕಪ್ಪಗಾಗುತ್ತದೆ, ಹುರುಪೆಯ ಅಂಚಿನಲ್ಲಿ, ಕಣ್ಣಿನ ಸುತ್ತ, ಗದ್ದದ ಗೆರೆಯಲ್ಲಿ ಸೇರಿಕೊಳ್ಳುತ್ತದೆ. ತೆಂಗಿನ ಪುಡಿಯ ಮೇಲೆ ಅದನ್ನು ಕಾಣುವುದು ಅಸಾಧ್ಯದ ಮಾತು. ಬಿಳಿ ಕಾಗದದ ಮೇಲೆ ನಡೆದಾಡುವ ಕರಿಚುಕ್ಕೆ ಯಾರ ಕಣ್ಣಿಗಾದರೂ ಬೀಳುತ್ತದೆ. ಮಲದಲ್ಲಿ ರಕ್ತವಿದೆಯೇ, ಜೊತೆಗೆ ಬರುವ ಯೂರೇಟ್, ಅಂದರೆ ಗಟ್ಟಿ ಮೂತ್ರ, ಬೆಳ್ಳಗಿದೆಯೇ ಹಳದಿಯಾಗಿದೆಯೇ ಎಂಬುದೂ ಕಾಗದದ ಮೇಲೆ ಸ್ಪಷ್ಟ. ಮರದ ಹಾಸಿನಲ್ಲಿ ಕೆಲವೊಮ್ಮೆ ಕಾಣುವ ಮಾಸಲು ಬಿಳಿ ನುಸಿ ಬೇರೆ ಜಾತಿಯದು, ಬೂಷ್ಟು ತಿಂದು ಬದುಕುವಂಥದ್ದು. ಅದು ಹಾವಿನ ರಕ್ತಕ್ಕೆ ಬಾರದು, ಹಾಸು ಹೆಚ್ಚು ಒದ್ದೆಯಾಗಿದೆ ಎಂದು ತಿಳಿಸಿ ಉಪಕಾರವನ್ನೇ ಮಾಡುತ್ತದೆ.

ಆಸ್ಪತ್ರೆಗೆ ಸರಿ, ಸಂಸಾರಕ್ಕೆ? ಇಲ್ಲಿ ಚರ್ಚೆ ಹಾಸನ್ನು ದಾಟಿ ಹಾವಿನ ಸುಖದ ಪ್ರಶ್ನೆಗೆ ಬರುತ್ತದೆ. ಅಮೆರಿಕದ ದೊಡ್ಡ ಸಾಕಣೆದಾರರು ನೂರಾರು ಹಾವುಗಳನ್ನು ಪ್ಲಾಸ್ಟಿಕ್ ಟ್ರೇಗಳ ಸಾಲಿನಲ್ಲಿ, ಕಾಗದವನ್ನೋ ತೆಳುವಾಗಿ ಹರಡಿದ ಸಿಪ್ಪೆಯನ್ನೋ ಹಾಕಿ ಇಡುತ್ತಾರೆ. ತಿನ್ನುತ್ತವೆ, ಬೆಳೆಯುತ್ತವೆ, ಮೊಟ್ಟೆ ಇಡುತ್ತವೆ, ಇನ್ನೇನು ಬೇಕು ಎಂಬುದು ಅವರ ವಾದ. ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ನೇರ ಉತ್ತರದಂತಿದೆ. ಕಾರ್ನ್ ಸ್ನೇಕ್‌ಗಳನ್ನು ಬೋಳು ಪೆಟ್ಟಿಗೆಯಲ್ಲೂ ಸಜ್ಜುಗೊಳಿಸಿದ ಪೆಟ್ಟಿಗೆಯಲ್ಲೂ ಇಟ್ಟು ನೋಡಿದ ಅವರು, ಕೊನೆಗೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶವನ್ನು ಹಾವುಗಳಿಗೇ ಕೊಟ್ಟರು. ಹಾವುಗಳು ಸಜ್ಜಾದ ಪೆಟ್ಟಿಗೆಯತ್ತ ಹೋದವು. ಬದುಕಿ ಉಳಿಯುವುದೂ ಚೆನ್ನಾಗಿ ಬದುಕುವುದೂ ಒಂದೇ ಅಲ್ಲ ಎಂದು ಬೇರೆ ಪ್ರಾಣಿಗಳ ವಿಷಯದಲ್ಲಿ ಒಪ್ಪಿಕೊಂಡವರು ಹಾವಿನ ವಿಷಯದಲ್ಲಿ ಹಿಂಜರಿಯಲು ಈಗ ಕಾರಣ ಉಳಿದಿಲ್ಲ. ಕಾಗದ ತಾತ್ಕಾಲಿಕ ವ್ಯವಸ್ಥೆ. ವರ್ಷಗಟ್ಟಲೆ ಅದರ ಮೇಲೇ ಇಡುವುದು ಸಾಕುವವರ ಅನುಕೂಲ, ಹಾವಿನದಲ್ಲ.

ಈ ಯೋಚನೆಯ ಇನ್ನೊಂದು ತುದಿಯಲ್ಲಿ ಜೀವಂತ ಹಾಸು ಇದೆ. ಮಣ್ಣು, ತೆಂಗಿನ ಪುಡಿ, ಎಲೆಗೊಬ್ಬರ, ಇದ್ದಿಲಿನ ಚೂರು, ಮೇಲೆ ತರಗೆಲೆ. ಅದರಲ್ಲಿ ಗಿಡ ನೆಟ್ಟು, ಸ್ಪ್ರಿಂಗ್‌ಟೇಲ್ ಎಂಬ ಬಿಳಿಯ ಸೂಕ್ಷ್ಮ ಜೀವಿಗಳನ್ನೂ, ಕಲ್ಲಿನಡಿ ಕಾಣುವ, ಹಲವು ಕಾಲುಗಳ ಐಸೋಪಾಡ್ ಹುಳುಗಳನ್ನೂ ಬಿಡುತ್ತಾರೆ. ಹಾವಿನ ಮಲವನ್ನೂ ಬೂಷ್ಟನ್ನೂ ಅವು ತಿಂದು ಮಣ್ಣಾಗಿಸುತ್ತವೆ. ಅಟ್ಲಾಂಟ ಸಸ್ಯೋದ್ಯಾನದವರು ರೂಪಿಸಿದ ಮಿಶ್ರಣವೊಂದು ಕಪ್ಪೆ ಸಾಕುವವರ ಮೂಲಕ ಹಾವಿನವರಿಗೂ ಬಂದು ಹೆಸರಾಗಿದೆ. ಸೊಗಸಾದ ಏರ್ಪಾಡು, ಸಂಶಯವಿಲ್ಲ. ಆದರೆ ಇಲಿ ನುಂಗಿ ಒಮ್ಮೆಗೇ ದೊಡ್ಡ ಮಲ ಹಾಕುವ ಹಾವಿನ ಮುಂದೆ ಪುಟ್ಟ ಹುಳುಗಳ ಶಕ್ತಿ ಸಾಲದು, ದೊಡ್ಡ ಭಾಗವನ್ನು ಕೈಯಲ್ಲೇ ತೆಗೆಯಬೇಕು. ‘ತೊಳೆಯುವ ಗೋಜೇ ಇಲ್ಲ’ ಎಂದು ಮಾರುವವರ ಮಾತು ನಂಬಿ ಇದಕ್ಕಿಳಿದ ಹೊಸಬರು ಪೇಚಿಗೆ ಸಿಲುಕುವುದೇ ಹೆಚ್ಚು. ನುಸಿ ಬಿದ್ದರಂತೂ ಔಷಧ ಹೊಡೆದಾಗ ಹುಳುಗಳೂ ಸಾಯುತ್ತವೆ, ಇಡೀ ತೋಟ ಎತ್ತಿ ಎಸೆಯಬೇಕು.

ಮನುಷ್ಯನ ಸಹಾಯವಿಲ್ಲದೆ ತನ್ನ ಹಾಸನ್ನು ತಾನೇ ಒಟ್ಟುವ ಹಾವು ನಮ್ಮ ಮಲೆನಾಡಿನಲ್ಲೇ ಇದೆ. ಹೆಣ್ಣು ಕಾಳಿಂಗ ಮಳೆಗಾಲಕ್ಕೆ ಮುಂಚೆ ತನ್ನ ಮೈಯ ಸುರುಳಿಯಿಂದ ತರಗೆಲೆ, ಬಿದಿರೆಲೆ ಎಳೆದೆಳೆದು ಗುಡ್ಡೆ ಹಾಕಿ ಒಳಗೆ ಮೊಟ್ಟೆ ಇಡುತ್ತದೆ. ಹಾವುಗಳಲ್ಲಿ ಹೀಗೆ ಗೂಡು ಕಟ್ಟುವುದು ಕಾಳಿಂಗಗಳ ವಿಶೇಷ. ಹೊರಗೆ ಆಗುಂಬೆಯ ಮಳೆ ಜಡಿಯುತ್ತಿದ್ದರೂ ಎಲೆಯ ಪದರಗಳು ನೀರನ್ನು ಹೊರಗೇ ಜಾರಿಸುತ್ತವೆ, ಒಳಗಿನ ಬೆಚ್ಚನೆ ತೇವವನ್ನು ಕಾಪಾಡುತ್ತವೆ. ಪಶ್ಚಿಮ ಘಟ್ಟದ ಈ ಕಾಳಿಂಗವನ್ನು 2024ರಲ್ಲಿ ಪ್ರತ್ಯೇಕ ಪ್ರಭೇದವೆಂದು ಗುರುತಿಸಿದ ವಿಜ್ಞಾನಿಗಳು ಅದಕ್ಕೆ ಕನ್ನಡದ ಹೆಸರನ್ನೇ ಇಟ್ಟು ಒಫಿಯೋಫಾಗಸ್ ಕಾಳಿಂಗ ಎಂದು ಕರೆದರು.

ತಮಿಳುನಾಡಿನ ಇರುಳ ಬುಡಕಟ್ಟಿನವರದು ಮತ್ತೊಂದು ದಾರಿ. ಚೆನ್ನೈ ಹತ್ತಿರ 1978ರಿಂದ ಇರುವ ಅವರ ಹಾವು ಹಿಡಿಯುವವರ ಸಹಕಾರ ಸಂಘ, ಪ್ರತಿವಿಷದ ತಯಾರಿಕೆಗೆ ಬೇಕಾದ ವಿಷವನ್ನು ದೇಶಕ್ಕೆ ಒದಗಿಸುತ್ತದೆ. ಹಿಡಿದ ನಾಗರ, ಕೊಳಕುಮಂಡಲಗಳನ್ನು ಅಲ್ಲಿ ಮಣ್ಣಿನ ಮಡಕೆಗಳಲ್ಲಿ ಇಡುತ್ತಾರೆ. ತಳದಲ್ಲಿ ಮರಳು, ಬಾಯಿಗೆ ಬಿಗಿದ ಹತ್ತಿಬಟ್ಟೆ. ಕೆಲವು ವಾರ ಇಟ್ಟುಕೊಂಡು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಮಡಕೆಯ ಗೋಡೆ ಉಸಿರಾಡುತ್ತದೆ, ತಂಪಾಗಿರುತ್ತದೆ, ಕತ್ತಲೆಯೂ ಸಿಗುತ್ತದೆ. ಸಾಕುಹಾವಿನ ಪೆಟ್ಟಿಗೆಗೆ ಅದನ್ನು ಹಾಗೇ ನಕಲು ಮಾಡಲು ಬಾರದು, ಏಕೆಂದರೆ ಅಲ್ಲಿ ಹಾವು ವಾರಗಳ ಅತಿಥಿ, ಇಲ್ಲಿ ಇಪ್ಪತ್ತು ವರ್ಷದ ನಿವಾಸಿ. ಆದರೂ ಮಡಕೆಯ ಚೂರೊಂದನ್ನು ಮಗುಚಿ ಹಾವಿಗೆ ಅಡಗುದಾಣವಾಗಿ ಇಡುವವರು ಪಶ್ಚಿಮದಲ್ಲೂ ಇದ್ದಾರೆ.

ಶುಚಿಯ ವಿಷಯದಲ್ಲಿ ಎಲ್ಲ ಹಾಸಿಗೂ ಒಂದೇ ನಿಯಮ. ಮಲ ಕಂಡ ದಿನವೇ ಸುತ್ತಲ ಒಂದು ಬೊಗಸೆ ಹಾಸಿನ ಸಮೇತ ತೆಗೆಯಬೇಕು. ಸಡಿಲ ಹಾಸನ್ನು ಆಗಾಗ ಪೂರ್ತಿ ಬದಲಿಸಬೇಕು, ಒದ್ದೆ ಮೂಲೆಗಳನ್ನು ಅದಕ್ಕೂ ಮೊದಲು. ಹಾವಿನ ಮಲದಲ್ಲಿ ಮನುಷ್ಯರಿಗೆ ಹೊಟ್ಟೆಯ ಸೋಂಕು ತರುವ ಸಾಲ್ಮೊನೆಲ್ಲ ಬ್ಯಾಕ್ಟೀರಿಯ ಇರುವುದು ಸಾಮಾನ್ಯ, ಹಾವು ಆರೋಗ್ಯವಾಗಿದ್ದರೂ ಇರುತ್ತದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಐದು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಸರೀಸೃಪ ಬೇಡ ಎನ್ನುತ್ತದೆ. ಪೆಟ್ಟಿಗೆಯ ಹಾಸನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯುವುದಂತೂ ಸಲ್ಲದು.

ಇಷ್ಟು ನೋಡಿದ ಮೇಲೆ ತೀರ್ಪು ಕಷ್ಟವಲ್ಲ. ಕಾರ್ನ್ ಸ್ನೇಕ್, ಹಾಗ್‌ನೋಸ್, ಸ್ಯಾಂಡ್ ಬೋವಾಗಳಿಗೆ ಆಳವಾದ ಆಸ್ಪೆನ್. ಬಾಲ್ ಪೈಥಾನ್‌ಗೆ ತೆಂಗಿನ ಸಿಪ್ಪೆಯ ಚೂರು. ಮಳೆಕಾಡಿನ ಹಾವಿಗೆ ತೆಂಗಿನ ಪುಡಿ, ಪಾಚಿ. ರೋಗಿಗೂ ಹೊಸಬನಿಗೂ ಕಾಗದ. ಸೀಡರ್ ಯಾರಿಗೂ ಬೇಡ. ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ನೆಲೆಸಿದ ಕನ್ನಡದ ಮನೆಯಲ್ಲಿ ಮಗಳು ಹಾವು ಬೇಕೆಂದು ಹಟ ಹಿಡಿದರೆ, ಹಾವಿಗೆ ದುಡ್ಡು ಕೊಡುವ ಮೊದಲು ಖಾಲಿ ಪೆಟ್ಟಿಗೆ ತನ್ನಿ. ಹಾಸು ಹಾಕಿ, ತೇವಮಾಪಕ, ತಾಪಮಾಪಕ ಇಟ್ಟು ಒಂದು ವಾರ ಹಾವಿಲ್ಲದೆ ನಡೆಸಿ ನೋಡಿ. ಆ ವಾರ ಅಳತೆ ಸ್ಥಿರವಾಗಿ ನಿಲ್ಲದಿದ್ದರೆ ಹಾವನ್ನು ಅಂಗಡಿಯಲ್ಲೇ ಬಿಡಿ.